ಕೊಂಕಿಗೂ ಕಣ್ಣಿರಬೇಕು

ತಂತ್ರಜ್ಞಾನದ ಯಾವ ಸುದ್ದಿಯೇ ಬರಲಿ, ನಾವು ಅದನ್ನು ಓದುವ ಹೊತ್ತಿಗೆ ಅದರ ಕೆಳಗೆ ಕೊಂಕು ಬಂದು ಕೂತಾಗಿರುತ್ತದೆ. ಉಪಗ್ರಹ ಹಾರಿತು ಎಂದರೆ ‘ಮೊದಲು ರಸ್ತೆ ಗುಂಡಿ ಮುಚ್ರಪ್ಪ’. ಹೊಸ ಆ್ಯಪ್ ಬಂತು ಎಂದರೆ ‘ಇದೊಂದು ಬಾಕಿ ಇತ್ತು’. ಕೃತಕ ಬುದ್ಧಿಮತ್ತೆ ಏನೋ ಸಾಧಿಸಿತಂತೆ ಎಂದರೆ ‘ನಮ್ಮ ಕಚೇರಿ ಸರ್ವರ್ ಮಾತ್ರ ಇನ್ನೂ ಡೌನು’. ಕಂಪನಿಯೊಂದು ಸಾವಿರ ಜನರನ್ನು ಕೆಲಸದಿಂದ ತೆಗೆಯಿತು ಎಂದರೆ ‘ಇನ್ನಾದರೂ ಬೆಂಗಳೂರಲ್ಲಿ ಬಾಡಿಗೆ ಇಳಿಯುತ್ತೆ ಬಿಡಿ’. ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಸಾವಿರ ಜನರಲ್ಲಿ ಹಾಸನದಿಂದಲೋ ಕಲಬುರಗಿಯಿಂದಲೋ ಬಂದು, ಪಿ.ಜಿ.ಯ ಒಂದು ಮಂಚದಲ್ಲಿದ್ದುಕೊಂಡು, ತಮ್ಮನ ಫೀಸು ಕಟ್ಟುತ್ತಿದ್ದ ಹುಡುಗಿಯೂ ಇರುತ್ತಾಳೆ. ಆ ಕೊಂಕು ಕಂಪನಿಯನ್ನು ಮುಟ್ಟುವುದಿಲ್ಲ. ಅವಳನ್ನು ಮುಟ್ಟುತ್ತದೆ.

ಹಾಗೆಂದು ಕೊಂಕನ್ನೇ ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ತಂತ್ರಜ್ಞಾನದ ಲೋಕ ಕೊಟ್ಟ ಮಾತನ್ನೂ ತಪ್ಪಿದ ಮಾತನ್ನೂ ನೋಡುತ್ತಾ ಬಂದವರು ಗೇಲಿ ಮಾಡದೆ ಇನ್ನೇನು ಮಾಡಿಯಾರು? ಅಮೆರಿಕದ ಎಲಿಜಬೆತ್ ಹೋಮ್ಸ್ 2003ರಲ್ಲಿ ಥೆರಾನೋಸ್ ಕಂಪನಿ ಕಟ್ಟಿದಳು. ಬೆರಳ ತುದಿಯ ಕೆಲವೇ ಹನಿ ರಕ್ತ ಸಾಕು, ಎಲ್ಲ ಬಗೆಯ ಪರೀಕ್ಷೆ ಮಾಡಿಕೊಡುತ್ತೇವೆ ಎಂದಳು. ದೊಡ್ಡ ದೊಡ್ಡವರು ನಂಬಿ ದುಡ್ಡು ಸುರಿದರು. 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜಾನ್ ಕ್ಯಾರಿರೂ ಒಳಗಿನ ಸತ್ಯವನ್ನು ಬಿಚ್ಚಿಟ್ಟರು. 2022ರಲ್ಲಿ ಅವಳಿಗೆ ಹನ್ನೊಂದು ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು. ರೋಗಿಗಳ ರಕ್ತದ ವರದಿಯನ್ನೇ ಪಣಕ್ಕಿಟ್ಟ ಕಂಪನಿಯನ್ನು ನೋಡಿದ ಮೇಲೆ, ‘ಜಗತ್ತನ್ನೇ ಬದಲಿಸುತ್ತೇವೆ’ ಎಂದು ವೇದಿಕೆ ಹತ್ತುವವರನ್ನು ಜನ ಅನುಮಾನದಿಂದ ನೋಡಿದರೆ ತಪ್ಪೇನು?

ಜ್ಯೂಸೆರೊ ಎಂಬ ಯಂತ್ರದ ಕಥೆಯೂ ಇಂಥದೇ. ಹಣ್ಣು ತರಕಾರಿ ಕೊಚ್ಚಿ ತುಂಬಿದ ಪೊಟ್ಟಣವನ್ನು ಕಂಪನಿಯಿಂದಲೇ ಕೊಳ್ಳಬೇಕು, ಯಂತ್ರಕ್ಕೆ ಹಾಕಬೇಕು, ಅದು ವೈಫೈಗೆ ಸೇರಿಕೊಂಡು ಪೊಟ್ಟಣದ ಮೇಲಿನ ಸಂಕೇತ ಓದಿ ರಸ ಹಿಂಡಿ ಕೊಡುತ್ತದೆ. ಬೆಲೆ ಇಳಿಸಿದ ಮೇಲೂ 400 ಡಾಲರ್. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್‌ನ ವರದಿಗಾರರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿದರು. ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಜಗತ್ತೆಲ್ಲ ನಕ್ಕಿತು, ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಆ ನಗು ನ್ಯಾಯದ ನಗು ಎಂದೇ ನಾನು ತಿಳಿದಿದ್ದೇನೆ. ಯಾರೋ ಒಬ್ಬರು ಪೊಟ್ಟಣವನ್ನು ಕೈಗೆತ್ತಿಕೊಂಡು ಹಿಂಡಿ ನೋಡಿದ ಮೇಲೆ ಹುಟ್ಟಿದ ನಗು ಅದು. ಮೊದಲು ಪರೀಕ್ಷೆ, ಆಮೇಲೆ ಗೇಲಿ.

ನಮ್ಮಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ. 2019ರ ಸೆಪ್ಟೆಂಬರ್ ಮೊದಲ ವಾರ ಇಡೀ ದೇಶ ಚಂದ್ರಯಾನ-2 ಇಳಿಯುವುದನ್ನು ಕಾಯುತ್ತಿತ್ತು. ಆಗ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ವಿಡಿಯೊ ಹಾಕಿದರು. ಗಗನಯಾತ್ರಿಯ ದಿರಿಸು ತೊಟ್ಟ ಒಬ್ಬ ಮನುಷ್ಯ, ಹಳ್ಳಕೊಳ್ಳದ ನೆಲದ ಮೇಲೆ ನಿಧಾನಕ್ಕೆ ತೇಲುವಂತೆ ಹೆಜ್ಜೆ ಇಡುತ್ತಾನೆ. ಚಂದ್ರನೇ ಇರಬೇಕು ಅನ್ನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಆಟೊ ಹಾದುಹೋಗುತ್ತದೆ; ಅದು ಬೆಂಗಳೂರಿನ ರಸ್ತೆ. ಪಾಲಿಕೆಯವರು ಬೆನ್ನಿಗೇ ಬಂದು ಆ ರಸ್ತೆಯ ದುರಸ್ತಿಗೆ ಕೈಹಾಕಿದರು. ಇದೇ ಕಲಾವಿದ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟಿದ್ದರು. ‘ಮೊದಲು ಗುಂಡಿ ಮುಚ್ಚಿ’ ಎಂದು ಇಸ್ರೊ ಸುದ್ದಿಯ ಕೆಳಗೆ ಗೀಚುವುದಕ್ಕೂ ಈ ಕೆಲಸಕ್ಕೂ ಎಷ್ಟು ಅಂತರವಿದೆ ನೋಡಿ. ಗುಂಡಿ ಮುಚ್ಚಬೇಕಾದವರು ಇಸ್ರೊದವರಲ್ಲ, ಪಾಲಿಕೆಯವರು. ಬಾದಲ್ ಅವರ ಬಾಣ ತಲುಪಬೇಕಾದ ಮೇಜಿಗೇ ತಲುಪಿತು.

ಕಸುವಿಲ್ಲದವರ ಬಾಯಲ್ಲಿ ಬರುವ ಕೊಂಕಿಗೂ ನಾನು ತಲೆಬಾಗುತ್ತೇನೆ. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಹೇಳಿದಾಗ ಮೀಮುಗಳ ಮಳೆಯೇ ಸುರಿಯಿತು. ಮ್ಯಾನೇಜರ್ ಎದುರು ಬಾಯಿ ಬಿಡಲಾಗದ, ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲೇ ಅರ್ಧ ಆಯುಷ್ಯ ಕಳೆಯುವ ಹುಡುಗರಿಗೆ ಆ ಮೀಮು ಬಿಟ್ಟರೆ ಬೇರೆ ವೇದಿಕೆ ಎಲ್ಲಿದೆ? ಅವರು ತಮ್ಮ ಮೈಗೆ ಗೊತ್ತಿರುವ ದಣಿವನ್ನು ಹೇಳುತ್ತಿದ್ದರು.

ನನ್ನ ತಕರಾರು ಇರುವುದು ನೋಡದೆ ನಗುವವರ ಬಗ್ಗೆ. 1981ರ ಒಂದು ಫೋಟೊ ನೀವೂ ನೋಡಿರುತ್ತೀರಿ: ಎತ್ತಿನ ಗಾಡಿ, ಗಾಡಿಯ ಮೇಲೆ ಉಪಗ್ರಹ. ಅದು ಆ್ಯಪಲ್, ಭಾರತದ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ. ಬೆಂಗಳೂರಿನ ಇಸ್ರೊ ತಂಡ ಕೈಗಾರಿಕಾ ಶೆಡ್ಡುಗಳಲ್ಲೇ ಅದನ್ನು ಕಟ್ಟಿತ್ತು. ಆ ಫೋಟೊ ಹಂಚಿಕೊಂಡು ‘ಲಾರಿಗೂ ಗತಿಯಿಲ್ಲದೆ ಉಪಗ್ರಹ ಬಿಟ್ಟರು’ ಎಂದು ನಗುವವರು ಇವತ್ತಿಗೂ ಇದ್ದಾರೆ. ಆದರೆ ಗಾಡಿ ತಂದಿದ್ದಕ್ಕೆ ಕಾರಣವಿತ್ತು. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿಟ್ಟು ಪರೀಕ್ಷಿಸಬೇಕಿತ್ತು. ಸುತ್ತ ಲೋಹವಿದ್ದರೆ ಪರೀಕ್ಷೆ ಕೆಡುತ್ತದೆ. ಲಾರಿಯ ಮೈಯೆಲ್ಲ ಲೋಹ. ಆ ತೊಂದರೆ ಕೊಡದ, ಭಾರ ತಾಳುವ, ಆ ಕ್ಷಣಕ್ಕೆ ಕೈಗೆ ಸಿಗುವ ವಾಹನ ಎಂದರೆ ಮರದ ಗಾಡಿ. ಅದು ಬಡತನದ ಚಿತ್ರವೆಂದು ತಿಳಿದವರಿಗೆ ಅಲ್ಲಿ ನಡೆಯುತ್ತಿದ್ದ ಪ್ರಯೋಗ ಕಾಣಲೇ ಇಲ್ಲ. 1981ರ ಜೂನ್ 19ರಂದು ಏರಿಯಾನ್ ರಾಕೆಟ್ ಏರಿ ಹೋದ ಆ್ಯಪಲ್, ಒಂದು ಸೌರಫಲಕ ಬಿಚ್ಚಿಕೊಳ್ಳದಿದ್ದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಆಮೇಲೆ ಬಂದ ಇನ್ಸ್ಯಾಟ್ ಉಪಗ್ರಹಗಳಿಗೆ ಬೇಕಾದ ಪಾಠವನ್ನು ನಮ್ಮ ಎಂಜಿನಿಯರುಗಳು ಕಲಿತದ್ದು ಅದರಿಂದ.

ಮೂವತ್ತಮೂರು ವರ್ಷಗಳಾದ ಮೇಲೂ ನೋಡುವ ಕಣ್ಣು ಬದಲಾಗಿರಲಿಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿತು. ಖರ್ಚು ಸುಮಾರು 450 ಕೋಟಿ ರೂಪಾಯಿ. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ವ್ಯಂಗ್ಯಚಿತ್ರ ಬಂತು: ಪೇಟ ಕಟ್ಟಿದ ರೈತನೊಬ್ಬ ಹಸು ಹಿಡಿದುಕೊಂಡು ‘ಗಣ್ಯರ ಬಾಹ್ಯಾಕಾಶ ಕ್ಲಬ್ಬಿ’ನ ಬಾಗಿಲು ತಟ್ಟುತ್ತಾನೆ, ಒಳಗೆ ಸೂಟುಧಾರಿಗಳು ಪೇಪರ್ ಓದುತ್ತಿದ್ದಾರೆ. ಓದುಗರು ಸಿಟ್ಟಾದರು, ಪತ್ರಿಕೆ ಕ್ಷಮೆ ಕೇಳಿತು. ನನಗೆ ನೋವಾದದ್ದು ಹಸುವಿನಿಂದಲ್ಲ. ಹಸು ನಮ್ಮ ಮನೆಯದೇ. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು, ಕೋಟ್ಯಂತರ ಕಿಲೋಮೀಟರ್ ದೂರದ ಎಂಜಿನನ್ನು ಹೊತ್ತಿಸಿದ ಹೆಂಗಸರು ಗಂಡಸರು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಕೆಲಸ ಮಾಡಿದವರನ್ನೇ ಕಾಣಿಸದ ಗೇಲಿ ಎಷ್ಟೇ ಜಾಣತನದ್ದಾಗಿರಲಿ, ಕುರುಡೇ.

ಇನ್ನೊಂದು ಬಗೆಯ ಕುರುಡಿದೆ, ಅದು ಕೆಲಸ ಚೆನ್ನಾಗಿ ಆದಾಗಲೇ ಹುಟ್ಟುವಂಥದು. ಹಿಂದೆ ಕಂಪ್ಯೂಟರಿನ ಸ್ಮರಣೆ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಡುತ್ತಿದ್ದರು. 99 ಮುಗಿದು 00 ಬಂದರೆ ಯಂತ್ರ ಅದನ್ನು 1900 ಎಂದು ತಿಳಿಯುವ ಅಪಾಯವಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬ್ಯಾಂಕು, ವಿಮೆ, ವಿದ್ಯುತ್ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಹುಡುಕಿ ತಿದ್ದಬೇಕಾಯಿತು. ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಎಷ್ಟೋ ಹುಡುಗ ಹುಡುಗಿಯರ ಮೊದಲ ಸಂಬಳ ಅದರಿಂದಲೇ ಬಂದದ್ದು. 2000ದ ಜನವರಿ 1ರ ಬೆಳಿಗ್ಗೆ ದೀಪ ಉರಿಯಿತು, ಫೋನು ಕೆಲಸ ಮಾಡಿತು. ‘ನೋಡಿ, ಏನೂ ಆಗಲಿಲ್ಲ, ಸುಮ್ಮನೆ ಹೆದರಿಸಿದರು’ ಎಂದು ಜನ ನಕ್ಕರು. ಏನೂ ಆಗದಂತೆ ನೋಡಿಕೊಂಡವರ ದುಡಿಮೆ ಆ ನಗುವಿನಲ್ಲಿ ಕೊಚ್ಚಿಹೋಯಿತು.

ಕೊಂಕು ಕೆಲಸಗಾರನ ಕೈಯನ್ನೇ ಸೋಲಿಸಿದ ಪ್ರಸಂಗವನ್ನೂ ಹೇಳಲೇಬೇಕು. ಎಕ್ಸ್‌ಝಡ್ ಯುಟಿಲ್ಸ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶ. ಜಗತ್ತಿನ ಅಸಂಖ್ಯ ಲಿನಕ್ಸ್ ಯಂತ್ರಗಳ ಒಳಗೆ ಅದಿದೆ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಎಂಬುವರು ಅದನ್ನು ಬಹುಕಾಲ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. 2022ರಲ್ಲಿ ಕೆಲವು ಹೆಸರುಗಳು ಕಾಣಿಸಿಕೊಂಡು ಅವರನ್ನು ಚುಚ್ಚತೊಡಗಿದವು. ಕೆಲಸ ನಿಧಾನವಾಗುತ್ತಿದೆ, ನಿಮಗೆ ಆಸಕ್ತಿಯೇ ಹೋಗಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಧಾಟಿಯ ಮಾತು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕೊಲಿನ್ ನೆನಪಿಸಿದರು. ಕೊನೆಗೆ ‘ಜಿಯಾ ಟಾನ್’ ಎಂಬ ಹೆಸರಿನ ಸಹಾಯಕನ ಕೈಗೆ ಅಧಿಕಾರ ಹೋಯಿತು. 2024ರ ಆರಂಭದಲ್ಲಿ ಆ ಹೆಸರಿನಿಂದಲೇ ತಂತ್ರಾಂಶದೊಳಗೆ ಕಳ್ಳಬಾಗಿಲು ಸೇರಿತು. ಚುಚ್ಚಿದ ಹೆಸರುಗಳೂ ಆ ಸಂಚಿನ ಭಾಗವೇ ಇರಬೇಕೆಂದು ಆಮೇಲೆ ಪರಿಶೀಲಿಸಿದವರು ಬಲವಾಗಿ ಶಂಕಿಸಿದ್ದಾರೆ. ಉಚಿತವಾಗಿ ದುಡಿಯುವವರನ್ನು ಹೀಯಾಳಿಸುವುದು ಎಷ್ಟು ಮಾಮೂಲಾಗಿತ್ತೆಂದರೆ, ಕಳ್ಳರು ಆ ಗುಂಪಿನಲ್ಲಿ ಸೇರಿಕೊಂಡಿದ್ದರೂ ಯಾರಿಗೂ ಗುರುತು ಸಿಗುವಂತಿರಲಿಲ್ಲ.

ಜಗತ್ತನ್ನು ಉಳಿಸಿದ್ದು ಒಬ್ಬನ ತಾಳ್ಮೆಯ ನೋಟ. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರಿಗೆ, ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಂಡಿತು. ಅರ್ಧ ಸೆಕೆಂಡಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ‘ದರಿದ್ರ ಅಪ್‌ಡೇಟ್’ ಎಂದು ಬೈದು ಮುಂದೆ ಹೋಗಬಹುದಿತ್ತು. ಫ್ರೂಂಡ್ ಜಾಡು ಹಿಡಿದು ಹೋದರು, ಕಳ್ಳಬಾಗಿಲನ್ನು ಹುಡುಕಿದರು, 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಎಷ್ಟೋ ಸರ್ವರುಗಳಿಗೆ ಅದು ಹರಡುವ ಮುನ್ನವೇ ತಡೆ ಬಿತ್ತು. ನನ್ನ ಮಟ್ಟಿಗೆ ಈ ದಶಕದ ತಂತ್ರಜ್ಞಾನದ ಸುದ್ದಿಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕನ್ನಡದವರಾದ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಯಂತ್ರ ಕನ್ನಡವನ್ನು ಕೆಡಿಸಿದಾಗಲೆಲ್ಲ ನಾವು ಸ್ಕ್ರೀನ್‌ಶಾಟ್ ತೆಗೆದು ಹಂಚಿ ನಗುತ್ತೇವೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರಿಗೆ ಮುಖ್ಯಮಂತ್ರಿಗಳು ಅಂತಿಮ ನಮನ ಸಲ್ಲಿಸಿದ ಸುದ್ದಿಯನ್ನು ಮೆಟಾದ ಯಂತ್ರ ಅನುವಾದಿಸುವಾಗ, ಸಿದ್ದರಾಮಯ್ಯನವರೇ ತೀರಿಕೊಂಡರು ಎಂಬ ಅರ್ಥ ಬಂದುಬಿಟ್ಟಿತು. ನಕ್ಕವರು ಬಹಳ. ಆದರೆ ಮುಖ್ಯಮಂತ್ರಿಗಳ ಕಡೆಯಿಂದ ಕಂಪನಿಗೆ ಪತ್ರ ಹೋಯಿತು: ತಪ್ಪು ಇಂಥದು, ಸರಿಯಾಗುವ ತನಕ ಕನ್ನಡದ ಅನುವಾದ ನಿಲ್ಲಿಸಿ ಎಂದು. ಕಂಪನಿ ಕ್ಷಮೆ ಕೇಳಿ, ತಪ್ಪು ಸರಿಪಡಿಸಿದ್ದೇವೆ ಎಂದಿತು. ಬೆರಳಿಟ್ಟು ತೋರಿಸಿದ ದೂರಿನಿಂದ ಆದದ್ದು ಅದು.

ಅಷ್ಟೇ ಅಲ್ಲ, ನಾವು ಕೊಂಕನ್ನು ಕನ್ನಡ ಲಿಪಿಯಲ್ಲಿ ಬರೆಯಲು ಆಗುತ್ತಿರುವುದು ಯಾರಿಂದ? ಕಂಪ್ಯೂಟರಿಗೆ ಕನ್ನಡ ಆಗಿಬರುವುದಿಲ್ಲ ಎನ್ನುವವರ ನಡುವೆಯೇ ಕೆ.ಪಿ. ರಾವ್ ಕನ್ನಡದ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿ ವಾಸು ‘ಬರಹ’ ತಂತ್ರಾಂಶವನ್ನು ಎಲ್ಲರ ಕೈಗಿಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇಂದಿಗೂ ಸಂಬಳವಿಲ್ಲದವರೇ ತುಂಬುತ್ತಿದ್ದಾರೆ. ಅವರೆಲ್ಲ ಗೇಲಿಗೆ ಅಂಜಿ ಕೈಕಟ್ಟಿ ಕೂತಿದ್ದರೆ ನಮ್ಮ ಜಾಣ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕಿತ್ತು.

ಆದ್ದರಿಂದ ನಗೋಣ, ಧಾರಾಳವಾಗಿ ನಗೋಣ. ಸುಳ್ಳು ಹೇಳಿ ದುಡ್ಡು ಎತ್ತುವವರನ್ನು ಬಿಡದೆ ನಗೋಣ. ಆದರೆ ಸುದ್ದಿಯನ್ನು ಕೊನೆಯ ಸಾಲಿನವರೆಗೆ ಓದಿ ನಗೋಣ, ನಮ್ಮ ಮಾತು ಯಾರ ಮೇಲೆ ಬೀಳುತ್ತದೆ ಎಂದು ಒಮ್ಮೆ ಕೇಳಿಕೊಂಡು ನಗೋಣ. ಯಂತ್ರದ ಕನ್ನಡದಲ್ಲಿ ತಪ್ಪು ಕಂಡರೆ ನಾಲ್ಕು ಜನರಿಗೆ ಹಂಚುವ ಜೊತೆಗೆ, ತಿದ್ದುವವರಿಗೂ ಒಂದು ಸಾಲು ಬರೆಯೋಣ. ವಿಕಿಪೀಡಿಯದಲ್ಲಿ ನಮ್ಮೂರಿನ ಹೆಸರು ತಪ್ಪಾಗಿದ್ದರೆ ಅಲ್ಲೇ ‘ಸಂಪಾದಿಸಿ’ ಎಂಬ ಗುಂಡಿ ಇದೆ. ಅದನ್ನು ಒತ್ತಲು ಯಾರ ಅಪ್ಪಣೆಯೂ ಬೇಕಿಲ್ಲ.