ಅವ್ವನ ಕೋಣೆಯ ಫೋನು

ಅವ್ವ ಹೋಗಿ ಮೂರು ತಿಂಗಳಾಗಿತ್ತು. ಕುಂದೂರಿನ ಮನೆಯಲ್ಲಿ ಅಪ್ಪ ಒಬ್ಬನೇ. ಬೆಂಗಳೂರಿಗೆ ಬಾರಪ್ಪ ಅಂದ್ರೆ, "ಕಾಫಿ ಗಿಡನ ನಿನ್ನ ಮ್ಯಾನೇಜರ್ ಬಂದು ನೋಡ್ಕೋತಾನಾ?" ಅನ್ನೋನು. ಕೊನೆಗೆ ಮ್ಯಾನೇಜರ್ ಹತ್ತಿರ ಗೋಗರೆದು ಒಂದು ತಿಂಗಳು ಊರಿಂದಲೇ ಕೆಲಸ ಮಾಡೋಕೆ ಒಪ್ಪಿಸಿದೆ. ಷರತ್ತು ಒಂದೇ: ಸಂಜೆ ಏಳೂವರೆಯ ಅಮೆರಿಕ ಕಾಲ್ ತಪ್ಪುವಂತಿಲ್ಲ.

ನಮ್ಮ ಕಡೆ ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಗುಡ್ಡದಲ್ಲಿ ಆನೆ. ಉಳಿದಿದ್ದು ಮನೆಯ ಲ್ಯಾಂಡ್‌ಲೈನು. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಅಂತ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಕಾಲೇಜಿನ ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಅದು ನಮ್ಮನೆಗೆ ಬರೋದಕ್ಕೆ 2011ರ ಮಳೆಗಾಲ ಆಗಬೇಕಾಯ್ತು.

ಇದರ ಒಳಗುಟ್ಟು ಬಹಳ ಸರಳ. ಮಾತು ಹೋಗೋದು ತಂತಿಯ ಕೆಳಗಿನ 4 ಕಿಲೋಹರ್ಟ್ಸ್‌ನಲ್ಲಿ. ಅದರ ಮೇಲಿನದೆಲ್ಲ ಖಾಲಿ ಬಿದ್ದಿರುತ್ತೆ. ಡಿಎಸ್‌ಎಲ್ ಅನ್ನೋದು ಆ ಖಾಲಿ ಜಾಗದಲ್ಲಿ, ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ, ಇಂಟರ್ನೆಟ್ ಓಡಿಸುತ್ತೆ. ಎರಡನ್ನೂ ಬೇರೆ ಮಾಡೋಕೆ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ: ಒಂದು ಬಾಯಿ ಫೋನಿಗೆ, ಇನ್ನೊಂದು ರೂಟರಿಗೆ. ಗದ್ದೆ ಬದುವಿನಲ್ಲಿ ನೀರು ತಿರುಗಿಸಿದ ಹಾಗೆ.

ಎಕ್ಸ್‌ಚೇಂಜಿನಿಂದ ನಮ್ಮನೆಗೆ ಸಿಲ್ವರ್ ಓಕ್ ಮರಗಳ ನಡುವೆ ಸುಮಾರು ನಾಲ್ಕು ಕಿಲೋಮೀಟರ್ ತಂತಿ. ದೂರ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತೆ. 192.168.1.1 ಅಂತ ಹೊಡೆದು, ಅಡ್ಮಿನ್, ಅಡ್ಮಿನ್ ಅಂತ ಒಳಗೆ ಹೋಗಿ, ವಿಪಿಐ 0, ವಿಸಿಐ 35, ಪಿಪಿಪಿಒಇ, ಯೂಸರ್‌ನೇಮು, ಪಾಸ್‌ವರ್ಡು ಎಲ್ಲ ತುಂಬಿದೆ. ಮಿಣುಕುತ್ತಿದ್ದ ಡಿಎಸ್‌ಎಲ್ ದೀಪ ನಿಂತು ಉರಿಯಿತು. 512 ಕೆಬಿಪಿಎಸ್. ಧನ್ಯೋಸ್ಮಿ! ಹಳೇ ಮನೆಯ ಮಣ್ಣಿನ ಗೋಡೆ ದಾಟಿ ವೈಫೈ ಅಟ್ಟಕ್ಕೆ ಬರಲಿಲ್ಲ, ಹಾಸನದಿಂದ 30 ಮೀಟರ್ ಲ್ಯಾನ್ ಕೇಬಲ್ ತಂದು ಎಳೆದೆ. ಚಿಕ್ಕಪ್ಪನ ಮಗಳು ಲ್ಯಾಪ್‌ಟಾಪ್ ತಂದು ಜಗಲಿಯಲ್ಲಿ ಕೂತಳು. ಅಲ್ಲಿಗೆ ನಮ್ಮನೆಯಲ್ಲೊಂದು ನೆಟ್‌ವರ್ಕ್ ಆಯ್ತು. ಗುಡುಗು ಕೇಳಿದ ತಕ್ಷಣ ವೈರು ಕೀಳಬೇಕು ಅನ್ನೋದನ್ನ ಮಾತ್ರ ಅವಳಿಗೆ ಗಟ್ಟಿಯಾಗಿ ಹೇಳಿಟ್ಟೆ. ಸಿಡಿಲಿಗೆ ಸುಟ್ಟ ರೂಟರು ರಿಪೇರಿ ಆಗಲ್ಲ.

ಎರಡನೇ ದಿನ, ಕಾಲ್ ಶುರುವಾಗಿ ಐದು ನಿಮಿಷಕ್ಕೆ ಲೈನ್ ಕಟ್. ಮೂರನೇ ದಿನವೂ ಅಷ್ಟೊತ್ತಿಗೇ. ಹಗಲೆಲ್ಲ ಸರಿಯಾಗಿರೋದು ಏಳೂವರೆಗೆ ಮಾತ್ರ ಕೈ ಕೊಡೋದು. ಡಿಎನ್‌ಎಸ್ ಬದಲಿಸಿದೆ, ಎಂಟಿಯು 1492 ಮಾಡಿದೆ, ಫರ್ಮ್‌ವೇರ್ ಹಾಕಿದೆ. ರೀಸೆಟ್ ಒತ್ತಿ ಹಾಕಿದ್ದೆಲ್ಲ ಕಳಕೊಂಡು ಮತ್ತೆ ತುಂಬಿದೆ. ಮಳೆಯನ್ನೂ ತಂತಿಯನ್ನೂ ಬೈದೆ. ಐದನೇ ದಿನ ಮ್ಯಾನೇಜರ್ ಮೇಲ್ ಬಂತು: ಸೋಮವಾರದಿಂದ ಆಫೀಸಿಗೆ ಬರುವುದು ಒಳ್ಳೆಯದು.

ಲೈನ್‌ಮನ್ ಅಣ್ಣ ಮಳೆಯಲ್ಲಿ ನೆನೆದುಕೊಂಡೇ ಬಂದ. ನಾನು ಅಟೆನ್ಯುಯೇಶನ್ನು, ನಾಯ್ಸ್ ಮಾರ್ಜಿನ್ನು ಅಂತ ಭಾಷಣ ಬಿಗಿದೆ. ಪೂರ್ತಿ ಕೇಳಿಸಿಕೊಂಡು, "ಮನೇಲಿ ಎಷ್ಟು ಫೋನವೆ ಸಾ?" ಅಂದ.

"ಒಂದೇ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಮೆಲ್ಲಗೆ ಅಂದ, "ಎಲ್ಡು ಕಣ್ಲಾ."

ಅವ್ವ ಹಾಸಿಗೆ ಹಿಡಿದ ಮೇಲೆ ಅವಳ ಮಂಚದ ಪಕ್ಕಕ್ಕೆ ಅಪ್ಪ ಒಂದು ಎಕ್ಸ್‌ಟೆನ್ಷನ್ ಹಾಕಿಸಿದ್ದನಂತೆ. ಒಂದು ವರ್ಷ ನಾನು ಭಾನುವಾರ ಭಾನುವಾರ ಫೋನ್ ಮಾಡಿದ್ದು ಅದಕ್ಕೇ. ಎದ್ದು ಬರಲಾಗದವಳು ಎಲ್ಲಿಂದ ಫೋನ್ ಎತ್ತುತ್ತಾಳೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಊರಿಗೆ ಬಂದ ಮೇಲೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಮೈಸೂರಿನ ತಂಗಿ ಈಗಲೂ ಅದೇ ಏಳೂವರೆಗೆ ಫೋನ್ ಮಾಡುತ್ತಾಳೆ. ಅಪ್ಪ ಹೋಗಿ ಅವ್ವನ ಮಂಚದ ಮೇಲೆ ಕೂತು ಮಾತಾಡುತ್ತಾನೆ. ಅಟ್ಟದಲ್ಲಿ ಹೆಡ್‌ಫೋನ್ ಹಾಕಿ ಕೂತವನಿಗೆ, ಹೆಂಚಿನ ಮೇಲಿನ ಮಳೆ ಸದ್ದಿನಲ್ಲಿ, ಗಂಟೆ ಎಲ್ಲಿ ಕೇಳಬೇಕು?

ಆ ಫೋನಿಗೆ ಸ್ಪ್ಲಿಟರ್ ಇರಲಿಲ್ಲ. ಅದು ನೇರ ತಂತಿಗೇ ಸೇರಿತ್ತು. ಗಂಟೆಯ ವೋಲ್ಟೇಜು ಬಂದು ರಿಸೀವರ್ ಎತ್ತಿದೊಡನೆ, ಮೊದಲೇ ಸೊರಗಿದ್ದ ಸಿಗ್ನಲ್ ಕೆಡುತ್ತಿತ್ತು.

"ಇದನ್ನ ಕಿತ್ತಾಕಿದ್ರೆ ಮುಗೀತು ಸಾ," ಅಂದ ಲೈನ್‌ಮನ್. ಅಪ್ಪ ಏನೂ ಅನ್ನಲಿಲ್ಲ. ಹೆಗಲ ಟವೆಲ್ ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡ.

"ಬ್ಯಾಡ," ಅಂದೆ. ವೈರು ಮನೆಯೊಳಗೆ ಬಂದು ಎರಡಾಗೋದು ಜಗಲಿಯ ಕಂಬದ ಹತ್ತಿರ. ಅದು ಕವಲೊಡೆಯೋ ಮೊದಲೇ ಸ್ಪ್ಲಿಟರ್ ಹಾಕಿಸಿದೆ. ಅದರ ಫೋನಿನ ಬಾಯಿಂದ ಎರಡೂ ಫೋನು, ಇನ್ನೊಂದರಿಂದ ರೂಟರು. ರೂಟರ್ ಜಗಲಿಗೆ ಬಂತು, ಕೇಬಲ್ ಸ್ವಲ್ಪ ಮೋಟಾಯ್ತು, ನನ್ನ ಮೇಜನ್ನೇ ಅಟ್ಟದ ಮೆಟ್ಟಿಲ ಬದಿಗೆ ಎಳೆದುಕೊಂಡೆ.

ಅವತ್ತು ಏಳೂವರೆಗೆ ಕಾಲ್ ಶುರುವಾಯ್ತು. ಏಳು ಮೂವತ್ತೈದು ಆಯ್ತು. ಕೆಳಗೆ ಗಂಟೆ ಹೊಡೆಯಿತು. ಬಗ್ಗಿ ನೋಡಿದೆ, ದೀಪ ಅಲುಗಲಿಲ್ಲ. ಮ್ಯೂಟ್ ಒತ್ತಿ ಹೆಡ್‌ಫೋನನ್ನ ಒಂದು ಕಿವಿಯಿಂದ ಸರಿಸಿದೆ. ಅವ್ವನ ಕೋಣೆಯಿಂದ ಅಪ್ಪನ ದನಿ:

"ಹ್ಞೂಂ ಕಣವ್ವ, ಇನ್ನೂ ಉಂಡಿಲ್ಲ. ನಿಮ್ಮಣ್ಣ ಮ್ಯಾಲೆ ಕುಂತವ್ನೆ. ಅದ್ಯಾರ್ ಜೊತೆಗೋ ಇಂಗ್ಲೀಷ್ನಲ್ಲಿ ಜಗಳ ಆಡ್ತಾವ್ನೆ."