ಎಕ್ಸ್‌ಪೀರಿಯೆನ್ಸ್ ಇದೆಯಾ ಸಿಸ್ಟರ್?

ನಮ್ಮ ಚಿಕ್ಕಪ್ಪನ ಮಗಳು ಶಿವಮೊಗ್ಗದಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ, ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಬೆಂಗಳೂರಿಗೆ ಬಂದಳು. ಉಳಿದುಕೊಂಡದ್ದು ನಮ್ಮ ಮನೇಲಿ. ಹಾಗಾಗಿ ಒಂದೂವರೆ ತಿಂಗಳು ನರ್ಸ್ ಒಬ್ಬಳ ಮೊದಲ ಕೆಲಸದ ಹುಡುಕಾಟವನ್ನು ಹತ್ತಿರದಿಂದ ನೋಡಿದೆ. ಬ್ಲಾಗಿಗೂ ಧೂಳು ಹಿಡಿದಿತ್ತು, ಬರೆಯೋಣ ಅನ್ನಿಸಿತು.

ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ಮೂರು ತಿಂಗಳು ಎಸಿ ರೂಮಲ್ಲಿ ಕೂರಿಸಿ ಜಾವಾ ಹೇಳಿಕೊಟ್ಟರು. ಆಮೇಲೆ ಎರಡು ತಿಂಗಳು ಬೆಂಚು. ಸಂಬಳ ಮಾತ್ರ ಮೊದಲ ದಿನದಿಂದಲೇ :) ಕಾಲೇಜಿಂದ ಬಂದವನಿಗೆ ಏನೂ ಬರೋಲ್ಲ ಅಂತ ನಮ್ಮ ಕಂಪನಿಗಳು ಮೊದಲೇ ಒಪ್ಪಿಕೊಂಡಿರುತ್ತವೆ. ಇವಳಿಗೆ ಎಲ್ಲಿ ಹೋದರೂ ಒಂದೇ ಪ್ರಶ್ನೆ, "ಎಕ್ಸ್‌ಪೀರಿಯೆನ್ಸ್ ಇದೆಯಾ ಸಿಸ್ಟರ್?" ಓದುವಾಗ ಮೆಗ್ಗಾನ್ ಆಸ್ಪತ್ರೆಯ ವಾರ್ಡುಗಳಲ್ಲಿ ಮಾಡಿದ ಡ್ಯೂಟಿ ಯಾವ ಲೆಕ್ಕಕ್ಕೂ ಇಲ್ಲ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ನೀವೇ ಹೇಳಿ..

ರಾತ್ರಿ ಊಟ ಆದ ಮೇಲೆ ಅವಳ ನೋಟ್‌ಬುಕ್ ಹಿಡಿದು ನಾನು ಇಂಟರ್‌ವ್ಯೂ ಮಾಡೋದು. ಕ್ಯಾನುಲಾ ಬಣ್ಣ? "18 ಹಸಿರು, 20 ಪಿಂಕ್, 22 ನೀಲಿ, 24 ಹಳದಿ." ಪೊಟ್ಯಾಸಿಯಂ ಕ್ಲೋರೈಡ್ ನೇರವಾಗಿ ವೇನಿಗೆ ಕೊಡಬಹುದಾ? "ಅಣ್ಣಾ, ಕೊಟ್ರೆ ಹಾರ್ಟ್ ನಿಂತುಹೋಗುತ್ತೆ. ಡ್ರಿಪ್‌ನಲ್ಲಿ ಬೆರೆಸಿ ನಿಧಾನಕ್ಕೆ ಬಿಡಬೇಕು." ನನ್ನ ಕೋಡಲ್ಲಿ ತಪ್ಪಾದರೆ ಟೆಸ್ಟಿಂಗ್‌ನವರು ಒಂದು ಬಗ್ ಹಾಕ್ತಾರೆ, ಅಷ್ಟೆ. ಆ ನೋಟ್‌ಬುಕ್ ಓದಿದ ಮೇಲೆ ನಮ್ಮ ಆಫೀಸಿನ 'ಕ್ರಿಟಿಕಲ್' ಅನ್ನೋ ಪದ ಕೇಳಿದರೆ ನಗು ಬರುತ್ತೆ.

ಮೂರನೇ ವಾರ ಒಂದು ನರ್ಸಿಂಗ್ ಹೋಮ್‌ನವರು ಕೆಲಸ ಕೊಡ್ತೀವಿ ಅಂದರು. 40 ಹಾಸಿಗೆ, ಸಂಬಳ 14,000. ಎರಡು ವರ್ಷ ಬಾಂಡ್, ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳೆಲ್ಲ ಅವರ ಬೀರುವಿನಲ್ಲಿ. ಚಿಕ್ಕಪ್ಪ ಫೋನಲ್ಲಿ, "ಸೇರ್ಕೊಳ್ಲಿ ಬಿಡೋ, ಮೊದಲು ಒಂದು ಕಡೆ ಕಾಲೂರಲಿ" ಅಂದರು. ಸಾಲ ತೀರಿಸಬೇಕಾದವರು ಅವರು, ಹಾಗನ್ನೋದು ಸಹಜ.

ಆಸ್ಪತ್ರೆಯವರ ಭಯವೂ ಸುಳ್ಳಲ್ಲ. ಗಲ್ಫ್ ಕೆಲಸಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳ್ತಾರೆ. ಇಲ್ಲಿ ಕಲಿತವರು ಅದು ಆದ ಕೂಡಲೇ ವಿಮಾನ ಹತ್ತುತ್ತಾರೆ. ಅದಕ್ಕೆ ಮದ್ದು ಸಂಬಳ ಹೆಚ್ಚಿಸೋದು ತಾನೇ? 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000ಕ್ಕೆ ಕಡಿಮೆ ಇರಬಾರದು, 200 ದಾಟಿದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಸಮಿತಿ ಹೇಳಿತು. ಆದರೆ ಅದು ಬರೀ ಶಿಫಾರಸು. ಕೇರಳದ ನರ್ಸುಗಳು ಬೀದಿಗಿಳಿದು ಹೋರಾಡಿದರು, 2018ರಲ್ಲಿ ಅಲ್ಲಿ ಕನಿಷ್ಠ ವೇತನ 20,000 ಅಂತ ಸರ್ಕಾರದ ಆದೇಶವೇ ಬಂತು.

ಇದನ್ನೆಲ್ಲ ನಾನು ಓದಿ ಹೇಳೋ ಮೊದಲೇ ಅವಳು ನಿರ್ಧರಿಸಿಯಾಗಿತ್ತು. "ಸಂಬಳ ಕಮ್ಮಿ ಆದ್ರೂ ಸೇರ್ತಿದ್ದೆ ಅಣ್ಣಾ. ಮಾರ್ಕ್ಸ್ ಕಾರ್ಡ್ ಕೊಡಲ್ಲ. ಅಪ್ಪ ಅಡಿಕೆ ಮಾರಿ ಓದಿಸಿದ್ದು." ನಮ್ಮಲ್ಲೂ ಬಾಂಡ್ ಹಾಕಿಸೋ ಕಂಪನಿಗಳಿವೆ, ಗೊತ್ತು. ಆದರೆ ಇಪ್ಪತ್ತೆರಡರ ವಯಸ್ಸಲ್ಲಿ ನನಗಂತೂ ಹೀಗೆ ಹೇಳೋ ಧೈರ್ಯ ಬರ್ತಿತ್ತೋ ಇಲ್ವೋ.

ಆಮೇಲಿನ ಮೂರು ವಾರ ಮನೇಲಿ ಮೌನ. ಚಿಕ್ಕಪ್ಪನ ಫೋನ್ ಬಂದರೆ ಅವಳು ಬಟ್ಟೆ ಒಣಗಿಸೋಕೆ ಮಹಡಿಗೆ ಹೋಗಿಬಿಡೋಳು. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಂಬಳ 19,000, ಸಮಿತಿ ಹೇಳಿದ್ದಕ್ಕಿಂತ ಕಡಿಮೆಯೇ. ಆದರೆ ಮಾರ್ಕ್ಸ್ ಕಾರ್ಡ್ ನೋಡಿ, ಜೆರಾಕ್ಸ್ ಇಟ್ಟುಕೊಂಡು ವಾಪಸ್ ಕೊಟ್ಟರು. ಮೊದಲ ತಿಂಗಳು ಹಿರಿಯ ಸಿಸ್ಟರ್ ಒಬ್ಬರ ಜೊತೆಗೇ ಡ್ಯೂಟಿ.

ಮೊನ್ನೆ ಮೊದಲ ನೈಟ್ ಡ್ಯೂಟಿ ಮುಗಿಸಿ ಬಂದಾಗ ಬೆಳಗ್ಗೆ ಒಂಬತ್ತೂವರೆ. "ಒಬ್ಬರು ಅಜ್ಜನಿಗೆ ವೇನೇ ಸಿಗ್ತಿರ್ಲಿಲ್ಲ. ಎರಡನೇ ಸಲಕ್ಕೆ ಹಾಕ್ದೆ. ನೀಲಿ" ಅಂದಳು. ನಾಲ್ಕು ನೀರುದೋಸೆ ತಿಂದು ಮಲಗಿದವಳು ಸಂಜೆ ಐದರವರೆಗೆ ಏಳಲಿಲ್ಲ.