ಬಚ್ಚಲೊಲೆಗೆ ಬೇಡವಾದದ್ದು

ನಮ್ಮ ಮೂಡಿಗೆರೆ, ಕಳಸದ ಕಡೆ ಕಾಫಿ ಸಸಿ ಬೆಳೆಯುವುದು ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಮಳೆ ಹಿಡಿದ ಮೇಲೆ ತೊಟ್ಟೆ ಸೀಳಿ ಗಿಡ ನೆಡುತ್ತಾರೆ. ಗಿಡ ಮಣ್ಣು ಸೇರುತ್ತದೆ. ತೊಟ್ಟೆ ಹಳ್ಳ ಸೇರುತ್ತದೆ, ಇಲ್ಲವೇ ಬಚ್ಚಲೊಲೆ. ಆಷಾಢದ ಹಸಿ ಸೌದೆಯೊಡನೆ ಗುದ್ದಾಡಿದವರಿಗೆ ಗೊತ್ತು, ಒಂದು ತೊಟ್ಟೆ ತುರುಕಿದರೆ ಒಲೆ ಎಷ್ಟು ಬೇಗ ಹತ್ತುತ್ತದೆಂದು.

“ಬೇಡ ಕಣಮ್ಮ, ಆ ಹೊಗೆ ವಿಷ” ಎಂದು ನಮ್ಮ ಮನೆಗೆಲಸದಾಕೆಗೆ ಒಮ್ಮೆ ಹೇಳಿದೆ. ಮೊದಲೇ ಕೆಮ್ಮುತ್ತಿದ್ದಳು. “ಹಂಗಾರೆ ಇದನ್ನ ಎಲ್ಲಿ ಹಾಕದು ಟೀಚರಮ್ಮ?” ಎಂದಳು. ಹಳ್ಳಕ್ಕೆ ಬೇಡ, ಒಲೆಗೆ ಬೇಡ ಎನ್ನುವವರು ಮತ್ತೆಲ್ಲಿಗೆ ಎಂದೂ ಹೇಳಬೇಕಲ್ಲವೆ?

ಒಂದು ಉತ್ತರ ಕಬ್ಬಿಣದ ಕುಲುಮೆಯಲ್ಲಿದೆ. ಅದಿರೆಂದರೆ ಆಮ್ಲಜನಕದೊಡನೆ ಗಂಟುಬಿದ್ದ ಕಬ್ಬಿಣ. ಆ ಗಂಟು ಬಿಡಿಸಲು ಇಂಗಾಲ ಬೇಕು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯತೊಡಗಿದಾಗ ಅದಿರು ನಮ್ಮ ಕೆಮ್ಮಣ್ಣುಗುಂಡಿಯದು, ಇಂಗಾಲ ಮಲೆನಾಡಿನ ಮರ ಸುಟ್ಟ ಇದ್ದಿಲಿನದು. ಬೇರೆ ದೊಡ್ಡ ಕಾರ್ಖಾನೆಗಳು ನೆಚ್ಚಿದ್ದು ಕಲ್ಲಿದ್ದಲಿನಿಂದ ಮಾಡಿದ ಕೋಕನ್ನು. ಯಾವುದಾದರೂ ಕೊನೆಗೆ ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೇರುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ಜತೆಗೆ ಜಲಜನಕವೂ ಇದೆ. ಎರಡೂ ಅದಿರಿನ ಆಮ್ಲಜನಕವನ್ನು ಕಸಿಯುತ್ತವೆ. ಜಲಜನಕ ಕಸಿದದ್ದು ನೀರಾವಿಯಾಗಿ ಹೋಗುವುದರಿಂದ ಅಷ್ಟರಮಟ್ಟಿಗೆ ಇಂಗಾಲದ ಅನಿಲ ಕಡಿಮೆ. ಜಪಾನಿನ ಎನ್‌ಕೆಕೆ ಕಂಪನಿ 1996ರಲ್ಲೇ ತನ್ನ ಕೇಹಿನ್ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕಸವನ್ನು ಸಣ್ಣ ಕಾಳುಗಳಾಗಿಸಿ ಊದುಕುಲುಮೆಯ ಕೆಳಭಾಗಕ್ಕೆ ಊದತೊಡಗಿತು. ಅಲ್ಲಿನ ಉರಿ 2000 ಡಿಗ್ರಿ ದಾಟುತ್ತದೆ. ಬಚ್ಚಲೊಲೆಯ ಹಾಗೆ ಅರೆಬೆಂದು ಹೊಗೆಯಾಡುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಪ್ರಾಧ್ಯಾಪಕಿಯಾದ ವೀಣಾ ಸಹಜ್‌ವಾಲಾ ಅವರು ಉಕ್ಕಿನ ವಿದ್ಯುತ್ ಕುಲುಮೆಯಲ್ಲಿ ಕೋಕಿನ ಒಂದು ಪಾಲಿನ ಬದಲು ಹಳೆಯ ಟೈರು, ಪ್ಲಾಸ್ಟಿಕ್ ಬಳಸುವ ದಾರಿ ತೋರಿಸಿದರು. ಹೆಣ್ಣುಮಕ್ಕಳ ತರಗತಿಯಲ್ಲಿ ಈ ಹೆಸರು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಕುಲುಮೆಗೆ ಸುರಿಯುವಂತಿಲ್ಲ. ಪಿವಿಸಿ ಪೈಪಿನಂಥವುಗಳಲ್ಲಿರುವ ಕ್ಲೋರಿನ್ ಯಂತ್ರಗಳನ್ನು ತಿನ್ನುತ್ತದೆ. ಅವನ್ನು ಮೊದಲೇ ಬೇರ್ಪಡಿಸಬೇಕು. ಉಳಿಯುವುದೂ ಕಲ್ಲಿದ್ದಲಿನ ಒಂದು ಪಾಲು ಮಾತ್ರ. ಪ್ಲಾಸ್ಟಿಕ್ಕಿನ ಇಂಗಾಲವೂ ಕಡೆಗೆ ಗಾಳಿಗೇ ಸೇರುವುದರಿಂದ, ಬಳಕೆ ಕಡಿಮೆ ಮಾಡುವ ಕೆಲಸ ತಪ್ಪುವುದಿಲ್ಲ.

ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗಳಿಗೆ ಪೈಪು, ತೊಟ್ಟೆ ಬೇರೆ ಮಾಡುವುದು ದೊಡ್ಡದಲ್ಲ. ಆದರೆ ಆರಿಸಿಟ್ಟದ್ದು ಕಾರ್ಖಾನೆ ಮುಟ್ಟದಿದ್ದರೆ ಆರಿಸಿದ್ದೂ ದಂಡ. ಅದಕ್ಕೇ ಮಹಿಳಾ ಸಂಘದಲ್ಲಿ ಹಪ್ಪಳ, ಚೀಟಿಯ ಮಾತು ಮುಗಿದ ಮೇಲೆ ಪಂಚಾಯಿತಿಯವರನ್ನು ಕೂರಿಸಿಕೊಂಡು ಕೇಳೋಣ: ನಮ್ಮೂರಿನ ಈ ಕಸ ಇಲ್ಲಿಂದ ಎಲ್ಲಿಗೆ ಹೋಗುತ್ತದೆ?